ಮೇಲಿನಂತೆ

ಯುಗಾದಿ ಮುಗಿದ ನಾಲ್ಕನೆಯ ದಿನ, ಬೆಳಗಿನ ಚಹಾದ ಹೊತ್ತಿಗೆ, ಬಂಡೆಮ್ಮ ಉಮಾಬಾಯಿಯ ಮೇಜಿನ ಮೇಲೆ ಒಂದು ಬಟನ್ ಫೋನು ತಂದಿಟ್ಟಳು. ಹಾಗೆಲ್ಲ ಇಡುವ ಹೆಂಗಸಲ್ಲ ಅವಳು. ಹೈದರಾಬಾದಿನ ಬಾಲಾನಗರದ ಆ ಫೋನು-ಟವರು ಪರೀಕ್ಷಾ ಲ್ಯಾಬಿನಲ್ಲಿ ಆರು ವರ್ಷದಿಂದ ಕಸ ಗುಡಿಸಿ ನೆಲ ಒರೆಸುತ್ತಿದ್ದರೂ ಯಾರ ಮೇಜಿಗೂ ಬೆರಳು ಸೋಕಿಸಿದವಳಲ್ಲ. ಅವತ್ತು ಮಾತ್ರ ಫೋನು ಇಟ್ಟು, ಸೆರಗಿನ ಚುಂಗು ಹಿಡಿದುಕೊಂಡು, ನಿಂತೇ ಬಿಟ್ಟಳು.

ಉಮಾಬಾಯಿ ಕನ್ನಡಕ ಮೇಲೇರಿಸಿ ಏನು ವಿಷಯ ಎಂದು ಕೇಳಿದಳು. ಬಂಡೆಮ್ಮ ಹೇಳಿದ್ದು ಇಷ್ಟು. ಅವಳ ಊರು ಗುರುಮಠಕಲ್ಲಿನ ಆಚೆ. ಗಂಡ ದ್ಯಾವಪ್ಪ ಶಂಶಾಬಾದಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತ ಅಲ್ಲೇ ಶೆಡ್ಡಿನಲ್ಲಿರುತ್ತಾನೆ. ಊರಲ್ಲಿ ಇದ್ದದ್ದು ಅವನ ತಾಯಿ ಮತ್ತು ಹತ್ತೊಂಬತ್ತು ವರ್ಷದ ಮಗಳು ಶೈಲಾ. ಸಂಕ್ರಾಂತಿಯ ಮಾರನೆಯ ದಿನ ಮಧ್ಯಾಹ್ನ ಮುದುಕಿ ಎದೆ ಹಿಡಿದುಕೊಂಡು ಕುಸಿದಳು. ಶೈಲಾ ಆಂಬುಲೆನ್ಸಿಗೆ ನೂರಾ ಎಂಟು ಒತ್ತಿದಳು, ಹೋಗಲಿಲ್ಲ. ನೂರಾ ಹನ್ನೆರಡು ಒತ್ತಿದಳು, ಅದೂ ಹೋಗಲಿಲ್ಲ. ಅಪ್ಪನಿಗೆ ಹಚ್ಚಿದಳು, ಒಂದೇ ಸಲಕ್ಕೆ ಹೋಯಿತು. ಇಲ್ಲಿಂದ ತಾನು ಹಚ್ಚಿದರೆ ಹೈದರಾಬಾದಿನವರಿಗೆ ಹೋಗುತ್ತದೆ, ನೀನೇ ಹಚ್ಚು ಎಂದು ಅವನು ಹೇಳಿದ. ಮತ್ತೆ ಹಚ್ಚಿದಳು, ಹೋಗಲಿಲ್ಲ. ಕೊನೆಗೆ ಯಾರದೋ ಟ್ರ್ಯಾಕ್ಟರು ಸಿಕ್ಕಿತು, ಮುದುಕಿ ದಾರಿಯಲ್ಲೇ ತೀರಿಕೊಂಡಳು.

ಅಷ್ಟಕ್ಕೇ ಮುಗಿದಿದ್ದರೆ ಅತ್ತು ಸುಮ್ಮನಾಗಬಹುದಿತ್ತು. ಆದರೆ ಮಣ್ಣು ಕೊಟ್ಟು ಬಂದ ದಿನವೇ ದ್ಯಾವಪ್ಪ ನೆಂಟರ ಎದುರಿಗೆ ಮಗಳನ್ನು ನಿಲ್ಲಿಸಿ ಕೇಳಿದ: ನನಗೆ ಹತ್ತಿದ ಫೋನು ಆಂಬುಲೆನ್ಸಿಗೆ ಯಾಕೆ ಹತ್ತಲಿಲ್ಲ? ಹೆದರಿ ಕೈಕಾಲು ಬಿಟ್ಟಿದ್ದೀಯ, ನಂಬರು ಒತ್ತಲು ಬರಲಿಲ್ಲ ನಿನಗೆ. ಅವತ್ತಿನಿಂದ ಮಾತು ಬಿಟ್ಟಿದ್ದಾನೆ. ಹಬ್ಬಕ್ಕೆ ಹೋದಾಗಲೂ ಮಗಳ ಕೈಯಿಂದ ಒಂದು ತಂಬಿಗೆ ನೀರು ಇಸಿದುಕೊಳ್ಳಲಿಲ್ಲ.

"ಆ ಫೋನು ಇದೇ ರೀ ಅಕ್ಕಾರ," ಅಂದಳು ಬಂಡೆಮ್ಮ. "ನೀವು ಫೋನು, ಟವರು ಎಲ್ಲಾ ತಪಾಸ ಮಾಡೋರು. ಇದು ಕೆಟ್ಟೈತಿ ಅಂತ ನೀವು ಒಂದು ಮಾತು ಅಂದ್ರ ಸಾಕು, ಅವ ನಂಬ್ತಾನ. ನನ್ನ ಮಗಳು ಉಳೀತಾಳ."

ಉಮಾಬಾಯಿಗೆ ಮರುಕವೂ ಆಯಿತು, ಸ್ವಲ್ಪ ಬಿಗುಮಾನವೂ ಬಂತು. ಒಂದು ಮಾತು ಅಂದರೆ ಸಾಕಂತೆ! ಆಳಂದದ ಬಟ್ಟೆ ವ್ಯಾಪಾರಿಯ ಮಗಳು, ಸುಲ್ತಾನ್ ಬಜಾರಿನ ಅಂಗಡಿಯ ಮಾಳಿಗೆಯಲ್ಲಿ ಕೂತು ಓದಿ ಎಂಜಿನಿಯರ್ ಆದವಳು, ಮೂವತ್ತು ವರ್ಷದ ನೌಕರಿಯಲ್ಲಿ ಪರೀಕ್ಷೆ ಮಾಡದೆ ಒಂದು ಮಾತು ಆಡಿದ್ದಿಲ್ಲ ಎಂಬ ಹೆಮ್ಮೆ ಅವಳದು. ಹೊಸ ಟವರು ಯಂತ್ರವೋ ರೂಟರೋ ಯಾವುದೇ ಬರಲಿ, ಮಾರಾಟಕ್ಕೆ ಹೋಗುವ ಮೊದಲು ಉಮಾಬಾಯಿಯ ಸಹಿ ಬೀಳಬೇಕು. ಆ ಸಹಿ ಇದ್ದರೆ ದಿಲ್ಲಿಯಲ್ಲಿ ಕೂತವರು ಎರಡನೆಯ ಸಲ ಓದುತ್ತಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವಳು ಮೊದಲ ದಿನವೇ ಹೇಳುವ ಮಾತೊಂದಿತ್ತು. ಗಂಡು ಒಳ್ಳೆಯವನೋ ಎಂದು ವಿಚಾರಿಸುವುದು ಒಂದು, ಹೆಣ್ಣಿನ ಮನೆಯವರೊಡನೆ ಹೊಂದಿಕೊಂಡು ಬಾಳುತ್ತಾನೋ ಎಂದು ನೋಡುವುದು ಇನ್ನೊಂದು. ಯಂತ್ರಕ್ಕೂ ಎರಡೂ ಪರೀಕ್ಷೆ ಆಗಬೇಕು. ನಿಯಮದ ಪ್ರಕಾರ ಇದೆಯೋ, ಮತ್ತು ಬೇರೆಯವರು ಮಾಡಿದ ಯಂತ್ರಗಳ ಜೊತೆ ಕೆಲಸ ಮಾಡುತ್ತದೋ.

ಅಂಥ ಉಮಾಬಾಯಿ ಆ ಫೋನಿಗೆ ಮೊದಲನೆಯ ಪರೀಕ್ಷೆ ಮಾತ್ರ ಮಾಡಿದಳು.

ಲ್ಯಾಬಿನಲ್ಲಿ ಗೋಡೆಗೆಲ್ಲ ತಾಮ್ರದ ಹಾಳೆ ಹೊದಿಸಿದ ಒಂದು ಕೋಣೆಯಿದೆ. ಹೊರಗಿನ ಸಿಗ್ನಲ್ಲು ಒಳಗೆ ಬರುವುದಿಲ್ಲ, ಒಳಗಿನದು ಹೊರಗೆ ಹೋಗುವುದಿಲ್ಲ. ಅಲ್ಲಿ ಲ್ಯಾಬಿನದೇ ನೆಟ್ವರ್ಕಿನಲ್ಲಿ ಫೋನನ್ನು ಎರಡು ದಿನ ಅಳೆದು ನೋಡಿದಳು. ಬ್ಯಾಟರಿ, ಗುಂಡಿಗಳು, ಮಾಮೂಲಿ ಕರೆ, ತುರ್ತು ಕರೆ, ಯಾವುದರಲ್ಲೂ ಎಳ್ಳಷ್ಟು ಊನವಿಲ್ಲ. ಮೂರನೆಯ ದಿನ ಬಂಡೆಮ್ಮನನ್ನು ಕರೆದು ಫೋನು ಕೈಗಿಟ್ಟು, ಚಲೋ ಐತಿ, ಏನೂ ಕೆಟ್ಟಿಲ್ಲ ಎಂದಳು.

"ಹಂಗಾದ್ರ ಆಕೀದೇ ತಪ್ಪೇನ್ರಿ?" ಎಂದು ಬಂಡೆಮ್ಮ ಕೇಳಿದಳು.

ಉಮಾಬಾಯಿ ಏನೂ ಹೇಳಲಿಲ್ಲ. ತನಗೆ ಗೊತ್ತಿಲ್ಲದ್ದನ್ನು ಹೇಳಬಾರದೆಂದು ಸುಮ್ಮನಿದ್ದಳು ಪಾಪ. ಆದರೆ ಎದುರಿಗೆ ನಿಂತ ತಾಯಿಗೆ ಆ ಸುಮ್ಮನಿರುವಿಕೆ ಹೌದು ಎಂದೇ ಕೇಳಿಸಿತು. ಬಂಡೆಮ್ಮ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಕೆಟ್ಟು ಎತ್ತಿಕೊಂಡು ಹೋದಳು.

ಮಧ್ಯಾಹ್ನ ಡಬ್ಬಿ ಬಿಚ್ಚಿ ಎರಡು ತುತ್ತು ಉಂಡಿದ್ದಳೋ ಇಲ್ಲವೋ, ಉಮಾಬಾಯಿಯ ಕೈ ಅಲ್ಲೇ ನಿಂತಿತು. ಫೋನೇನೋ ನೆಟ್ಟಗಿದೆ. ಅದು ಮಾತಾಡಿದ್ದು ಯಾವ ಟವರಿನ ಜೊತೆ? ದಿನಾ ಊರಿಗೆಲ್ಲ ಬುದ್ಧಿ ಹೇಳುವವಳಿಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು. ಎಂಜಲು ಕೈಯಲ್ಲೇ ಎದ್ದು ಹೋಗಿ, ಮೆಟ್ಟಿಲ ಮೇಲೆ ರೊಟ್ಟಿ ತಿನ್ನುತ್ತಿದ್ದ ಬಂಡೆಮ್ಮನನ್ನು ನಿಮ್ಮೂರಿನ ಟವರು ಯಾವುದು ಎಂದು ಕೇಳಿದಳು. ಬಂಡೆಮ್ಮ ರೊಟ್ಟಿ ಕೆಳಗಿಟ್ಟು, ದಸರೆಗೆ ಹೊಸ ಟವರು ಹಾಕಿದ್ದಾರೆ, ಕನ್ನಡ ಸಾಲಿಯ ಹಿಂದೆ, ಸಣ್ಣದು, ಕಂಬದ ಮೇಲೆ ನೀಲಿ ಡಬ್ಬಿ ಐತಿ ಎಂದಳು.

ನೀಲಿ ಡಬ್ಬಿ ಅಂದಕೂಡಲೇ ಉಮಾಬಾಯಿಗೆ ಅದು ಯಾವುದೆಂದು ಗೊತ್ತಾಯಿತು. ದೊಡ್ಡ ಟವರು ಕಟ್ಟಲು ಯಾರೂ ಬಾರದ ಹಳ್ಳಿಗಳಿಗೆಂದೇ ಒಂದು ಕಂಪನಿ ಮಾಡಿದ ಡಬ್ಬಿ ಅದು. ಕಳೆದ ಆಷಾಢದಲ್ಲಿ ಅದನ್ನು ಪರೀಕ್ಷಿಸಿ ಪಾಸು ಮಾಡಿದವಳು ಬೇರೆ ಯಾರೂ ಅಲ್ಲ, ಅವಳೇ.

ಪರೀಕ್ಷೆಗೆ ಬಂದ ಮಾದರಿ ಡಬ್ಬಿಯನ್ನು ಒಂದು ವರ್ಷ ಉಗ್ರಾಣದಲ್ಲಿ ಇಡುವುದು ಲ್ಯಾಬಿನ ವಾಡಿಕೆ. ಅದನ್ನು ಹೊರತೆಗೆಸಿ ತಾಮ್ರದ ಕೋಣೆಯಲ್ಲಿ ಹಚ್ಚಿಸಿದಳು. ಬಂಡೆಮ್ಮನಿಂದ ಆ ಫೋನು ಮತ್ತೆ ಇಸಿದುಕೊಂಡಳು. ಮಾಮೂಲಿ ನಂಬರಿಗೆ ಕರೆ ಮಾಡಿದಳು, ಕ್ಷಣದಲ್ಲಿ ಹೋಯಿತು. ನೂರಾ ಎಂಟು ಒತ್ತಿದಳು. ಪರದೆಯ ಮೇಲೆ ಚುಕ್ಕಿಗಳು ಓಡಿದವು, ಅರ್ಧ ನಿಮಿಷ ಓಡಿದವು, ನಿಂತವು. ಕರೆ ಹೋಗಲಿಲ್ಲ. ಇಪ್ಪತ್ತು ಸಲ ಒತ್ತಿದಳು, ಇಪ್ಪತ್ತೂ ಸಲ ಹೋಗಲಿಲ್ಲ. ದೊಡ್ಡ ಪರದೆಯ ಟಚ್ ಫೋನುಗಳಿಂದ ಒತ್ತಿದರೆ ಪ್ರತಿ ಸಲವೂ ಹೋಗುತ್ತಿತ್ತು.

ಕಾರಣ ಸಂಜೆಯೊಳಗೆ ಸಿಕ್ಕಿತು. ತುರ್ತು ನಂಬರು ಒತ್ತಿದಾಗ ಫೋನು ಮಾಮೂಲಿ ದಾರಿ ಬಿಟ್ಟು ಬೇರೆ ಬಾಗಿಲಿಗೆ ಹೋಗುತ್ತದೆ. ಆ ಬಾಗಿಲಲ್ಲಿ ನೀಲಿ ಡಬ್ಬಿ ಒಂದು ಪ್ರಶ್ನೆ ಕೇಳುತ್ತಿತ್ತು. ಟಚ್ ಫೋನುಗಳಿಗೆ ಅದರ ಉತ್ತರ ಗೊತ್ತಿತ್ತು, ಈ ಅಗ್ಗದ ಬಟನ್ ಫೋನಿಗೆ ಗೊತ್ತಿರಲಿಲ್ಲ. ಫೋನೂ ನಿಯಮದಂತೆ ಇತ್ತು, ಡಬ್ಬಿಯೂ ನಿಯಮದಂತೆ ಇತ್ತು. ಎರಡೂ ಸೇರಿದಲ್ಲಿ ಒಬ್ಬ ಮುದುಕಿಗೆ ಆಂಬುಲೆನ್ಸು ಬರಲಿಲ್ಲ.

ಹಾಗಾದರೆ ಆಷಾಢದಲ್ಲಿ ಇದು ಹೇಗೆ ಪಾಸಾಯಿತು? ಉಮಾಬಾಯಿ ಹಳೆಯ ಫೈಲು ತೆಗೆದಳು. ಹನ್ನೆರಡು ಬಗೆಯ ಫೋನುಗಳ ಜೊತೆ ಡಬ್ಬಿಯನ್ನು ಪರೀಕ್ಷಿಸಿದ ಪಟ್ಟಿ. ಎಂಟನೆಯ ಸಾಲು ಒಂದು ಟಚ್ ಫೋನಿನದು, ಅದರ ಮುಂದೆ ತುಂಬ ಅಂಕಿಗಳು. ಒಂಬತ್ತನೆಯ ಸಾಲು ಬಟನ್ ಫೋನಿನದು. ಅದರ ಮುಂದೆ, ಅವಳದೇ ದುಂಡಗಿನ ಅಕ್ಷರದಲ್ಲಿ, ಒಂದೇ ಒಂದು ಶಬ್ದ: ಮೇಲಿನಂತೆ.

ಈ ಉಪಾಯ ಕಂಡುಹಿಡಿದವಳೂ ಅವಳೇ, ಕೇಳಿ. ಎರಡು ಫೋನಿನ ಒಳಗಿನ ಚಿಪ್ ಒಂದೇ ಆಗಿದ್ದರೆ ಎರಡನೆಯದನ್ನು ಬೇರೆಯಾಗಿ ಏಕೆ ಪರೀಕ್ಷಿಸಬೇಕು, ಫಲಿತಾಂಶ ಮೇಲಿನಂತೆಯೇ ಎಂದು ಬರೆದರಾಯಿತು. ಎರಡು ದಿನದ ಕೆಲಸ ಉಳಿಯುತ್ತದೆ. ಇಡೀ ಲ್ಯಾಬು ಮೆಚ್ಚಿ ತಲೆದೂಗಿ ರೂಢಿ ಮಾಡಿಕೊಂಡಿತ್ತು. ಚಿಪ್ ಒಂದೇ ಇದ್ದರೂ ಅದರ ಮೇಲೆ ಕೂರಿಸಿದ ಸಾಫ್ಟ್‌ವೇರು ಬೇರೆ ಎಂಬುದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬಟನ್ ಫೋನನ್ನು ಯಾರು ಅಷ್ಟು ಬಳಸುತ್ತಾರೆ ಈಗ ಎಂದುಕೊಂಡಿದ್ದಳು, ಅಷ್ಟೇ. ದಿನಾ ಅವಳ ಮೇಜಿನ ಸುತ್ತ ನೆಲ ಒರೆಸುವವಳ ಸೊಂಟದಲ್ಲೇ ಅಂಥ ಇನ್ನೊಂದು ಇತ್ತು.

ಮರುದಿನ ಲ್ಯಾಬಿನ ಮುಖ್ಯಸ್ಥ ಹನುಮಂತರಾಯನ ಮುಂದೆ ಎಲ್ಲವನ್ನೂ ಹರವಿದಳು. ರಾಯಚೂರಿನವನು, ಶಾಂತ ಮನುಷ್ಯ, ಕೆಟ್ಟವನಲ್ಲ. ಓದಿ ನೋಡಿ ಬಾಗಿಲು ಹಾಕಿಕೊಂಡು ಬಂದ. ಕಂಪನಿಯವರಿಗೆ ಈಗಲೇ ಹೇಳೋಣ, ಅವರು ಸಾಫ್ಟ್‌ವೇರು ತಿದ್ದಿ ಎಲ್ಲ ಹಳ್ಳಿಯ ಡಬ್ಬಿಗಳಿಗೂ ನೆಟ್ವರ್ಕಿನ ಮೂಲಕ ಕೂತಲ್ಲಿಂದಲೇ ಕಳಿಸಲಿ, ಎರಡು ವಾರದ ಮಾತು ಎಂದ. ನಮ್ಮ ವರದಿಗೆ 'ಪರಿಷ್ಕೃತ ವಿಧಾನದಂತೆ ಮರುಪರೀಕ್ಷೆ' ಎಂದು ಹೊಸ ಪುಟ ಸೇರಿಸೋಣ. ಯಾರದು ತಪ್ಪು, ಯಾವ ಸಾಲು ಎಂದು ಬರೆಯುವ ಅಗತ್ಯವಿಲ್ಲ.

"ಉಮಾಬಾಯಾರ, ನೀವು ಮಾಡದ ಪರೀಕ್ಷೆ ಮಾಡೀನಿ ಅಂತ ಬರದೀರಿ ಅಂತ ಹೊರಗ ಗೊತ್ತಾದ್ರ ನಿಮ್ಮ ಸಹಿ ಅಧಿಕಾರ ಅವತ್ತೇ ಹೋಗ್ತೈತಿ," ಎಂದ. "ಮೂವತ್ತು ವರ್ಷದ ಎಲ್ಲಾ ವರದಿ ತೆಗದು ನೋಡ್ತಾರ. ಡಬ್ಬಿ ಸುಧಾರಿಸಿದ್ರ ಸಾಕಲ್ರಿ? ಮಂದಿಗೆ ಬೇಕಾದ್ದು ಅದೇ."

ಈ ಮಾತಿನಲ್ಲಿ ಹುರುಳಿಲ್ಲ ಎನ್ನುವಂತಿರಲಿಲ್ಲ. ಮುನ್ನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಡಬ್ಬಿಗಳು ನಿಂತಿದ್ದವು. ಅವು ಸರಿಹೋಗುವುದೇ ಮೊದಲ ಕೆಲಸ. ಬಂಡೆಮ್ಮನಿಗೆ ಹೇಳುವುದು? ಡಬ್ಬಿ ಸರಿಹೋದ ಮೇಲೆ ಹೇಳಿದರಾಯಿತು, ಈಗಲೇ ಹೇಳಿದರೆ ಊರೆಲ್ಲ ಆಗುತ್ತದೆ ಎಂದು ರಾಯ ಹೇಳಿದ. ಉಮಾಬಾಯಿ ಒಪ್ಪಿದಳು. ಒಪ್ಪಿದ್ದು ಹಳ್ಳಿಗಳ ಒಳಿತಿಗೆ ಎಂದು ತನಗೆ ತಾನೇ ಹೇಳಿಕೊಂಡಳು. ಏಳು ತಿಂಗಳಿಗೆ ನಿವೃತ್ತಿ, ಬೀಳ್ಕೊಡುಗೆಗೆ ಶಾಲು ಹೊದಿಸುವಾಗ ಜನ ಏನನ್ನಬೇಕು ಎಂಬುದೂ ಆ ಒಪ್ಪಿಗೆಯ ಒಳಗೆ ಮುದುರಿಕೊಂಡು ಕೂತಿತ್ತು. ಫೋನನ್ನು ಬಂಡೆಮ್ಮನಿಗೆ ಕೊಡುವಾಗ ಇನ್ನೊಮ್ಮೆ ನೋಡಬೇಕಿತ್ತು, ಅದಕ್ಕೇ ಇಸಿದುಕೊಂಡೆ ಎಂದಷ್ಟೇ ಹೇಳಿದಳು. ಬಂಡೆಮ್ಮ ಊರಿಗೆ ಹೊರಟಿದ್ದ ಯಾರ ಕೈಯಲ್ಲೋ ಅದನ್ನು ಕಳಿಸಿಬಿಟ್ಟಳು.

ಕಂಪನಿಯವರು ಹೇಳಿದ ಮಾತಿಗೆ ತಪ್ಪಲಿಲ್ಲ. ಹದಿನೇಳು ದಿನದಲ್ಲಿ ತಿದ್ದಿದ ಸಾಫ್ಟ್‌ವೇರು ಬಂತು. ಈ ಸಲ ಉಮಾಬಾಯಿ ಹನ್ನೆರಡೂ ಫೋನುಗಳನ್ನು ಒಂದೊಂದಾಗಿ ತಾನೇ ಕೂತು ಪರೀಕ್ಷಿಸಿದಳು. ಎಲ್ಲ ಸರಿಯಾಗಿತ್ತು. ಎಲ್ಲ ಹಳ್ಳಿಗಳಿಗೂ ಅದು ಹೋಯಿತು. ಹೊಸ ಪುಟ ಸೇರಿತು, ಸಹಿ ಬಿತ್ತು. ಇನ್ನು ಬಂಡೆಮ್ಮನಿಗೆ ಹೇಳಬೇಕು. ಸೋಮವಾರ ಹೇಳೋಣವೆಂದಳು, ಸೋಮವಾರ ಅವಳು ರಜೆ. ಮಂಗಳವಾರ ಆಡಿಟ್ಟಿನವರು ಬಂದರು. ಹೀಗೇ ದಿನಗಳು ಜಾರಿದವು, ಅವಳು ಜಾರಲು ಬಿಟ್ಟಳು ಎಂದರೇ ಸರಿ.

ಒಂದು ಶುಕ್ರವಾರ ಬೆಳಿಗ್ಗೆ ಬಂಡೆಮ್ಮ ತಾನಾಗಿಯೇ ಬಂದಳು. ಕಣ್ಣು ಊದಿಕೊಂಡಿದ್ದವು. ಹಿಂದಿನ ದಿನ ಊರಲ್ಲಿ ಪಕ್ಕದ ಮನೆಯವನು ಬೈಕಿನಿಂದ ಬಿದ್ದನಂತೆ. ಮುದುಕಿ ಹೋದ ಮೇಲೆ ಶೈಲಾಳ ಜೊತೆಗೆಂದು ಬಂದು ಉಳಿದಿದ್ದ ದ್ಯಾವಪ್ಪನ ತಮ್ಮ ಇದೇ ಬಟನ್ ಫೋನಿನಿಂದ ನೂರಾ ಎಂಟು ಒತ್ತಿದನಂತೆ. ಒಂದೇ ಸಲಕ್ಕೆ ಹತ್ತಿತು, ಗಾಡಿ ಬಂತು, ಆಳು ಉಳಿದ. ಒಳ್ಳೆಯದೇ ಆಯಿತಲ್ಲ ಎಂದು ಉಮಾಬಾಯಿ ಬಾಯಿ ತೆರೆಯುವಷ್ಟರಲ್ಲಿ ಬಂಡೆಮ್ಮ ಮುಂದಿನದನ್ನು ಹೇಳಿದಳು. ಸುದ್ದಿ ಕೇಳಿ ದ್ಯಾವಪ್ಪ, ಈಗಲಾದರೂ ಗೊತ್ತಾಯಿತೇ, ಫೋನೂ ಚಲೋ ಐತಿ, ಟವರೂ ಚಲೋ ಐತಿ, ನಮ್ಮವ್ವನನ್ನು ಕೊಂದವಳು ಇವಳೇ ಅಂದನಂತೆ.

"ಅವ ಅನ್ನೋದು ಇರ್ಲಿರಿ," ಎಂದಳು ಬಂಡೆಮ್ಮ. "ಈಗ ಆಕೀನೂ ಹಂಗ ಅನ್ನಾಕತ್ತಾಳ. ಅವ್ವಾ, ನಾ ನಂಬರ್ ತಪ್ಪು ಒತ್ತಿರಬೇಕು ಬಿಡು ಅಂತಾಳ. ಇಷ್ಟು ದಿನ ಒತ್ತೀನಿ ಒತ್ತೀನಿ ಅಂತಿದ್ಳು, ಈಗ ಅದನ್ನೂ ಬಿಟ್ಟಾಳ್ರಿ."

ಉಮಾಬಾಯಿಗೆ ಈಗ ಅರ್ಥವಾಯಿತು. ತಾವು ಗುಟ್ಟಾಗಿ ಸರಿ ಮಾಡಿದ್ದೇ ಆ ಹುಡುಗಿಯ ಕುತ್ತಿಗೆಗೆ ಬಂದಿತ್ತು. ಡಬ್ಬಿ ಕೆಟ್ಟಿದ್ದಷ್ಟು ದಿನ ಅವಳ ಪರವಾಗಿ ಒಂದು ಸಾಕ್ಷಿಯಾದರೂ ಕಂಬದ ಮೇಲೆ ಇತ್ತು, ಯಾರಾದರೂ ಒತ್ತಿ ನೋಡಿದ್ದರೆ ತಿಳಿಯುತ್ತಿತ್ತು. ಈಗ ಅದನ್ನೂ ಅಳಿಸಿಹಾಕಿದ್ದರು. ಅವಳು ಅವತ್ತು ಸರಿಯಾಗಿ ಒತ್ತಿದ್ದಳು ಎಂಬುದು ಜಗತ್ತಿನಲ್ಲಿ ಇಬ್ಬರಿಗೇ ಗೊತ್ತಿತ್ತು. ಒಬ್ಬ ಬಾಗಿಲು ಹಾಕಿಕೊಳ್ಳುವವನು, ಇನ್ನೊಬ್ಬಳು ಬಾಯಿ ಮುಚ್ಚಿಕೊಂಡವಳು.

ಕೂರು ಬಂಡೆಮ್ಮ ಎಂದಳು ಉಮಾಬಾಯಿ. ಆರು ವರ್ಷದಲ್ಲಿ ಮೊದಲ ಸಲ ಬಂಡೆಮ್ಮ ಆ ಕುರ್ಚಿಯಲ್ಲಿ ಕೂತಳು. ಉಮಾಬಾಯಿ ಕಂಪ್ಯೂಟರಿನ ಕಡೆ ತಿರುಗಿ, ಲ್ಯಾಬುಗಳಿಗೆ ಮಾನ್ಯತೆ ಕೊಡುವ ದಿಲ್ಲಿಯ ಕಚೇರಿಗೆ ಪತ್ರ ಬರೆದಳು. ವರದಿಯ ನಂಬರು, ತಾರೀಖು, ಒಂಬತ್ತನೆಯ ಸಾಲು. ಈ ಪರೀಕ್ಷೆ ನಾನು ಮಾಡಲಿಲ್ಲ, ಮಾಡಿದಂತೆ ಬರೆದೆ. ಇಂಥ ದಿನ ಇಂಥ ಹಳ್ಳಿಯಲ್ಲಿ ಆಂಬುಲೆನ್ಸಿಗೆ ಕರೆ ಹೋಗದಿದ್ದುದಕ್ಕೆ ಇದೇ ಕಾರಣ. ನನ್ನ ಸಹಿಯನ್ನು ಹಿಂತೆಗೆದುಕೊಳ್ಳುತ್ತೇನೆ. ಎರಡು ಸಲ ಓದಿ, ಹನುಮಂತರಾಯನಿಗೂ ಒಂದು ಪ್ರತಿ ಹಾಕಿ ಕಳಿಸಿದಳು. ಆಮೇಲೆ ಬಂಡೆಮ್ಮನ ಕಡೆ ತಿರುಗಿ, ಬರೆದದ್ದನ್ನು ತಮ್ಮ ಕಡೆಯ ಕನ್ನಡದಲ್ಲಿ ಹೇಳಿದಳು. ಬಂಡೆಮ್ಮ ಕೇಳುತ್ತ ಕೇಳುತ್ತ ಬಾಯಿಗೆ ಸೆರಗು ಒತ್ತಿಕೊಂಡಳು. ಅತ್ತಳು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಉಮಾಬಾಯಿಗೆ ಅನ್ನಿಸಿತು.

ಆಟೋ ಹಿಡಿದು ಇಬ್ಬರೂ ಶಂಶಾಬಾದಿಗೆ ಹೋದರು. ವಿಮಾನ ನಿಲ್ದಾಣದ ರಸ್ತೆಗೆ ಅಂಟಿಕೊಂಡು ಎದ್ದಿದ್ದ ಹೊಸ ಕಟ್ಟಡದ ನಾಲ್ಕನೆಯ ಅಂತಸ್ತಿನಿಂದ ದ್ಯಾವಪ್ಪ ಇಳಿದು ಬಂದ. ಮೈಯೆಲ್ಲ ಸಿಮೆಂಟು. ಹೆಂಡತಿಯ ಜೊತೆ ಕನ್ನಡಕದ ಹೆಂಗಸೊಬ್ಬಳು ಬಂದದ್ದು ನೋಡಿ ಗಾಬರಿಯಾಗಿ ಕೈ ಒರೆಸಿಕೊಂಡ. ಉಮಾಬಾಯಿ ಪತ್ರದ ಪ್ರತಿ ಅವನ ಕೈಗೆ ಕೊಟ್ಟಳು. ಅದು ಇಂಗ್ಲಿಷಿನಲ್ಲಿದೆ, ಅವನಿಗೆ ಓದಲು ಬಾರದು ಎಂಬುದು ಕೊಟ್ಟ ಮೇಲೆ ಹೊಳೆಯಿತು. ನಿಂತಲ್ಲೇ, ಉಸುಕಿನ ರಾಶಿಯ ಪಕ್ಕ, ಮೊದಲಿಂದ ಕೊನೆಯತನಕ ಹೇಳಿದಳು. ನಿಮ್ಮ ಮಗಳು ಸರಿಯಾಗಿ ಒತ್ತಿದ್ದಳು, ತಪ್ಪು ನಂದು ಎಂದಳು.

ದ್ಯಾವಪ್ಪ ಹಾಳೆಯ ಮೇಲೆ ಉದುರಿದ ಸಿಮೆಂಟು ಒರೆಸಿ ಕೇಳಿದ.

"ಗಾಡಿ ಬಂದಿದ್ರ ನಮ್ಮವ್ವ ಉಳೀತಿದ್ಳೇನ್ರಿ?"

"ಗೊತ್ತಿಲ್ಲಪ್ಪ. ನಾ ಸುಳ್ಳು ಹೇಳಾಂಗಿಲ್ಲ."

"ಇದು ನಿಮಗ ಗೊತ್ತಾಗಿ ಎಷ್ಟು ದಿನ ಆತು?"

"ಇಪ್ಪತ್ತಾರು ದಿನ."

ಅವನು ತಲೆ ಎತ್ತಿ ಅವಳನ್ನು ನೋಡಿದ. ಸಿಟ್ಟು ಇರಲಿಲ್ಲ, ಲೆಕ್ಕ ಒಪ್ಪಿಸುವವನ ದನಿ ಇತ್ತು. "ಅವ್ವ ಹೋದ ದಿನದಿಂದ ನಾ ಆಕೀನ ಮಾರಿ ನೋಡಿಲ್ರಿ. ಅದು ನನ್ನ ಪಾಪ, ನಾ ಹೊರ್ತೀನಿ. ಈ ಇಪ್ಪತ್ತಾರು ದಿನ ಮಾತ್ರ ನಿಮ್ಮದು."

ಉಮಾಬಾಯಿ ಹೌದೆಂದಳು.

ದ್ಯಾವಪ್ಪ ಊರಿಗೆ ಫೋನು ಹಚ್ಚಿದ. ತಮ್ಮ ಎತ್ತಿದ. ಶೈಲಾಗೆ ಕೊಡು ಅಂದ. ಆ ಕಡೆ ಏನೋ ಗೊಂದಲ, ಅಪ್ಪ ಕರೆಯುತ್ತಿದ್ದಾನೆ ಎಂದು ಯಾರೋ ಕೂಗಿದ್ದು, ಆಮೇಲೆ ಒಂದು ಸಣ್ಣ ಉಸಿರು ಕೇಳಿಸಿತು. ದ್ಯಾವಪ್ಪ ಶೈಲವ್ವಾ ಎಂದವನು ಅಲ್ಲಿಗೇ ನಿಲ್ಲಿಸಿ ಫೋನಿನ ಸ್ಪೀಕರು ಹಾಕಿ ಉಮಾಬಾಯಿಯ ಮುಂದೆ ಹಿಡಿದ.

ಉಮಾಬಾಯಿ ಹೇಳಬೇಕಾದ್ದನ್ನು ಹೇಳಿದಳು. ಆ ಕಡೆಯಿಂದ ಆತ್ರಿ ಎಂದಷ್ಟೇ ಬಂತು. ಹುಡುಗಿ ನಂಬುತ್ತಿಲ್ಲ, ತನ್ನ ಸಮಾಧಾನಕ್ಕೆ ಯಾರೋ ದೊಡ್ಡವರನ್ನು ಹಿಡಿದು ಹೇಳಿಸುತ್ತಿದ್ದಾರೆ ಎಂದುಕೊಂಡಿದ್ದಾಳೆ ಎಂದು ಉಮಾಬಾಯಿಗೆ ಗೊತ್ತಾಯಿತು. ಆಗ ಪರ್ಸಿನಿಂದ ಪೆನ್ನು ತೆಗೆದು, ದ್ಯಾವಪ್ಪನ ಕೈಯಲ್ಲಿದ್ದ ಹಾಳೆಯನ್ನು ತಿರುಗಿಸಿ ಹಿಡಿದು, ಕೆಲಸದಲ್ಲಿ ಯಾರನ್ನಾದರೂ ಕೇಳುವಂತೆ ಕೇಳಿದಳು.

"ಅವತ್ತು ಎಷ್ಟು ಸಲ ಒತ್ತಿದಿ, ಎಲ್ಲೆಲ್ಲಿ ನಿಂತು ಒತ್ತಿದಿ? ನೆನಪಿದ್ದಷ್ಟು ಹೇಳವ್ವ. ನಾ ಬರಕೋತೀನಿ."

ದನಿ ಬಂತು, ಮೊದಲು ತಡೆದು ತಡೆದು, ಆಮೇಲೆ ಸರಾಗವಾಗಿ. "ಪಡಸಾಲ್ಯಾಗ ಏಳು ಸಲ ರೀ. ನೂರಾ ಎಂಟು ಐದು ಸಲ, ನೂರಾ ಹನ್ನೆರಡು ಎರಡು ಸಲ. ಆಮ್ಯಾಲ ಅಂಗಳದಾಗ ನಾಕು ಸಲ. ಅಪ್ಪಗ ಹಚ್ಚಿದ ಮ್ಯಾಲ ಮಾಳಿಗಿ ಹತ್ತಿದೆ, ಅಲ್ಲೆ ಆರು ಸಲ. ಬ್ಯಾಟರಿ ತೆಗದು ಹಾಕಿ ಮತ್ತ ಎರಡು ಸಲ. ಅಷ್ಟ್ರಾಗ ಅಜ್ಜಿ ಕರದಳ್ರಿ, ಇಳದು ಬಂದೆ."

ಉಮಾಬಾಯಿ ಒಂದೊಂದನ್ನೂ ಬರೆದುಕೊಂಡಳು. ಕೂಡಿಸಿದರೆ ಹತ್ತೊಂಬತ್ತಾಯಿತು.

"ಇದನ್ನ ಯಾರೂ ಕೇಳಿರಲಿಲ್ರಿ," ಎಂದಳು ಶೈಲಾ.

ದ್ಯಾವಪ್ಪ ಫೋನು ಹಿಡಿದ ಕೈಯನ್ನು ಹಾಗೇ ಹಿಡಿದು ಉಸುಕಿನ ರಾಶಿಯ ಮೇಲೆ ಕೂತ. ಆ ಕಡೆ ಹುಡುಗಿ ಈಗ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.